ಹೊಳೆಯಡಿಯ ಊರಿನ ಇಬ್ಬರು

ಹಾಜರಿ ಕರೆಯಲು ನನಗೆ ಆ ವರ್ಷ ನಾಚಿಕೆಯಾಗುತ್ತಿತ್ತು. ಐದನೇ ತರಗತಿಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಎದುರಿಗೇ ಕೂತವಳ ಹೆಸರನ್ನು ಪುಸ್ತಕ ಬಿಡಿಸಿ ಕರೆಯುವುದು, ಅವಳು ಎದ್ದು ನಿಂತು "ಬಂದಿದ್ದೇನೆ ಟೀಚರ್" ಎನ್ನುವುದು, ನಾನು ಗುರುತು ಹಾಕುವುದು. ಕಿಟಕಿಯಿಂದ ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಒಂದು ದಿನ ಕರೆಯದೆ ಬಿಟ್ಟೆ. ಹುಡುಗಿ ಬಿಡಲಿಲ್ಲ.

"ಹಾಜರಿ ಕರೀಲಿಲ್ಲ ಟೀಚರ್ ನೀವು."

"ಕಣ್ಣೆದುರು ಕಾಣ್ತಾ ಇದ್ದೀಯಲ್ಲ ಮಾರಾಯ್ತಿ, ಮತ್ತೆಂಥ ಕರೆಯುವುದು?"

"ಕಂಡ್ರೆ ಸಾಕಾ? ಕರೀಬೇಕು."

ಕರೆದೆ. ಅವಳು ಎದ್ದು ನಿಂತು, ಬಂದಿದ್ದೇನೆ ಎಂದು ಹೇಳಿ, ಹಿಂದಿನ ಖಾಲಿ ಬೆಂಚುಗಳ ಕಡೆ ಒಮ್ಮೆ ತಿರುಗಿ ನೋಡಿ ಕೂತಳು.

ಮಡಂತ್ಯಾರಿನಲ್ಲಿ ಬಸ್ಸಿಳಿದು ಒಳಗೆ ನಡೆದು ಹೋಗುವ ಶಾಲೆ ಅದು. ನಾನು ಅಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂಬ ಮಾತು ಸರಿಯಾಗಿಯೇ ಇದೆ, ಎಲೆ ಎತ್ತಿದ ಮೇಲೆ ಏಳಬೇಕು. ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ಹೋಗುತ್ತಿದ್ದವು. ಹಿಂದಿನ ವರ್ಷ ಈ ಹುಡುಗಿಯ ಜೊತೆಗಿದ್ದವರೂ ಅದರಲ್ಲೇ ಕೂತು ಕೈ ಬೀಸುತ್ತಿದ್ದರು. ಆರು ಮತ್ತು ಏಳನೆಯ ತರಗತಿಗಳ ಕೋಣೆಗಳಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ಮುರಿದ ಬೆಂಚು. ಹೆಡ್ಮಾಸ್ಟರು ಜಗಲಿಯ ಆ ತುದಿಯಲ್ಲಿ ಚಿಕ್ಕ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಿದ್ದರು. ಈ ತುದಿಯಲ್ಲಿ ನಾವಿಬ್ಬರು.

ಆಟದ ಪೀರಿಯಡ್ಡೇ ಕಷ್ಟದ್ದು. ಹುಡುಗಿಗೆ ಕಬಡ್ಡಿ ಎಂದರೆ ಪ್ರಾಣ. ಅಂಗಳದಲ್ಲಿ ಕೋಲಿನಿಂದ ಗೆರೆ ಎಳೆದು, ತಾನೊಬ್ಬಳೇ ಕಬಡ್ಡಿ ಕಬಡ್ಡಿ ಎನ್ನುತ್ತ ಆಚೆ ಹೋಗುವಳು. ಆಚೆ ಯಾರೂ ಇಲ್ಲ. ಇಲ್ಲದವರ ಕೈಯಿಂದ ತಪ್ಪಿಸಿಕೊಂಡು, ಇಲ್ಲದವರನ್ನು ಮುಟ್ಟಿ, ಗೆರೆ ದಾಟಿ ಓಡಿ ಬಂದು ಏದುಸಿರು ಬಿಡುವಳು. "ಔಟಾದ್ರಾ?" ಎಂದು ನಾನು ಜಗಲಿಯಿಂದ ಕೇಳಿದರೆ, "ಒಬ್ಬಳು ಔಟ್. ಇನ್ನೊಬ್ಬಳು ಕಾಲು ಹಿಡಿದಿದ್ಳು, ಜಾರಿಸಿಕೊಂಡೆ" ಎನ್ನುವಳು. ಮೂಡುಬಿದಿರೆಯಲ್ಲಿ ದೊಡ್ಡ ಶಾಲೆಯಲ್ಲಿ ಓದುವ ಅವಳ ಅಕ್ಕನೊಬ್ಬಳು, ದೊಡ್ಡಮ್ಮನ ಮಗಳು, ಅಲ್ಲಿ ಕಬಡ್ಡಿಗೆ ಮ್ಯಾಟ್ ಉಂಟು ಎಂದು ಹೇಳಿದ್ದಳಂತೆ. ಆ ಮ್ಯಾಟಿನ ಬಣ್ಣ ಯಾವುದು, ಬಿದ್ದರೆ ಮೊಣಕಾಲು ತರಚುವುದಿಲ್ಲವಾ ಎಂದೆಲ್ಲ ನನ್ನ ಹತ್ತಿರ ಕೇಳುತ್ತಿದ್ದಳು, ನಾನೇ ಹಾಸಿ ಬಂದವಳೋ ಎಂಬಂತೆ.

ಸಂಜೆ ನನ್ನ ವಾಸ ಬಂಟ್ವಾಳದ ಹಳೆ ಪೇಟೆಯಲ್ಲಿ, ಒಂದು ಜೀನಸಿನ ಅಂಗಡಿಯ ಮಾಳಿಗೆಯ ಮೇಲೆ. ಕಿಟಕಿಯಿಂದ ನೇತ್ರಾವತಿಯ ಒಂದು ತುಂಡು ಕಾಣುತ್ತದೆ. ಬಸ್ಸಿನ ಕಂಡಕ್ಟರನ ಹತ್ತಿರ "ಬಂಟ್ವಾಳ ಒಂದು" ಎಂದು ಹೇಳಿದ್ದೇ ಆ ದಿನದ ಕೊನೆಯ ಮಾತಾಗುವ ಸಂಜೆಗಳು ಎಷ್ಟೋ ಇದ್ದವು.

ನನಗೆ ಮಾತು ಕಲಿಸಿದವರು ಅಜ್ಜ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಒಬ್ಬೊಬ್ಬರು ಪುರಾಣದ ಒಂದೊಂದು ಪಾತ್ರವಾಗಿ ಕೂತಲ್ಲೇ ವಾದ ಮಾಡುತ್ತಾರೆ. ಬಾಯಿಪಾಠವಿಲ್ಲ, ಆ ಹೊತ್ತಿಗೆ ಹುಟ್ಟಿದ ಮಾತೇ ಮಾತು. ವಾದ ಎಲ್ಲಿಗೆ ಬೇಕಾದರೂ ಹೋಗಬಹುದು, ಕಥೆ ಮಾತ್ರ ಕಥೆ ಮುಗಿಯುವಲ್ಲಿಯೇ ಮುಗಿಯಬೇಕು. ಸಾಯಬೇಕಾದ ರಾಜ ಎಷ್ಟೇ ಚೆಂದ ವಾದಿಸಿದರೂ ಕೊನೆಗೆ ಸಾಯಲೇಬೇಕು. ಅಜ್ಜ ಮನೆಯಲ್ಲಿ ಅಭ್ಯಾಸಕ್ಕೆ ನನ್ನನ್ನು ಎದುರು ಕೂರಿಸಿ ಯಾವಾಗಲೂ ಸೋಲುವವರ ಪಾತ್ರವನ್ನೇ ಕೊಡುತ್ತಿದ್ದರು. ನಾನು ಅಳುಮುಖ ಮಾಡಿದರೆ, "ಗೆಲ್ಲುವವನಿಗೆ ಎಂಥ ಕಷ್ಟ ಉಂಟು ಮಗಾ? ಅವನ ಹಿಂದೆ ಪುರಾಣವೇ ಉಂಟು. ಅವನು ಚೆಂದಕ್ಕೆ ಗೆಲ್ಲುವ ಹಾಗೆ ಮಾಡುವುದು ಸೋಲುವವನ ಕೆಲಸ. ಸುಮ್ಮನೆ ಬಿಟ್ಟುಕೊಟ್ರೆ ಆಗ್ಲಿಕ್ಕಿಲ್ಲ. ಗಟ್ಟಿಯಾಗಿ ಅಡ್ಡ ನಿಲ್ಲಬೇಕು" ಎನ್ನುತ್ತಿದ್ದರು.

ಅಜ್ಜ ಹೋಗಿ ಬಹಳ ಕಾಲವಾಯಿತು. ಎದುರು ಕೂತು ಮಾತು ಬೆಳೆಸುವವರು ಆಮೇಲೆ ನನಗೆ ಯಾರೂ ಸಿಗಲಿಲ್ಲ, ಈ ಹುಡುಗಿಯ ಹೊರತು.

ಮಳೆಗಾಲ ಮುಗಿಯುವ ಹೊತ್ತಿಗೆ ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಪೆಟ್ಟಿಗೆ ಮಕ್ಕಳ ಪುಸ್ತಕ ಕಳಿಸಿದರು. ರಾಜಕುಮಾರಿ, ನರಿ, ಮೊಸಳೆಯ ಕಥೆಗಳನ್ನು ಹುಡುಗಿ ಬದಿಗಿಟ್ಟಳು. "ಇದೆಲ್ಲ ಅಜ್ಜಿ ಹೇಳಿದ್ದಾರೆ." ತಳದಲ್ಲಿ ಇನ್ನೊಂದು ಬಗೆಯ ಪುಸ್ತಕಗಳು ಸಿಕ್ಕಿದವು. ಮೊಬೈಲು, ಬಸ್ಸು, ಶಾಲೆಯ ಚೀಲ ಎಲ್ಲ ಇರುವ ಈಗಿನ ಕಾಲದಲ್ಲೇ, ಎಲ್ಲಿಯೋ ಒಂದು ಬಾಗಿಲು ತೆರೆದು ಇನ್ನೊಂದು ಲೋಕ ಕಾಣುವಂಥ ಕಥೆಗಳು. ಅದರಲ್ಲಿ ಒಂದನ್ನು ನಾನು ಆರಿಸಿದೆ. ಆರಿಸಿದ ಕಾರಣ ಬಹಳ ದೊಡ್ಡದೇನಲ್ಲ. ಅದರಲ್ಲಿ ಇಬ್ಬರೇ ಇದ್ದರು. ತರಗತಿಯಲ್ಲೂ ಇಬ್ಬರೇ.

ಹೊಳೆಯ ಅಡಿಯಲ್ಲಿ ಒಂದು ಊರು. ಅಲ್ಲಿ ದೀಪಗಳು ಎಣ್ಣೆಯಿಂದ ಉರಿಯುವುದಿಲ್ಲ, ಮಾತಿನಿಂದ ಉರಿಯುತ್ತವೆ. ಇಬ್ಬರು ಕೂತು ಮಾತಾಡುತ್ತಿದ್ದರೆ ಅವರ ನಡುವಿನ ದೀಪಕ್ಕೆ ಬೆಳಕು. ಒಬ್ಬೊಬ್ಬರೇ ಊರು ಬಿಟ್ಟು ಮೇಲಕ್ಕೆ ಹೋಗಿ, ಕೊನೆಗೆ ಉಳಿದದ್ದು ಒಬ್ಬಳು ಮುದುಕಿ ಮತ್ತು ಒಂದು ದೀಪ. ಮೇಲಿನ ಲೋಕದ ಹುಡುಗಿಯೊಬ್ಬಳು ದಾರಿ ತಪ್ಪಿದ ದೋಣಿಯಲ್ಲಿ ಆ ಬೆಳಕು ಕಂಡು ಇಳಿಯುತ್ತಾಳೆ. ಇಬ್ಬರೂ ಮಾತಾಡುತ್ತಾರೆ, ದೀಪ ಉರಿಯುತ್ತದೆ. ದೋಣಿ ಮತ್ತೆ ಬಂದಾಗ ಮುದುಕಿ ಹೋಗು ಎನ್ನುತ್ತಾಳೆ, ಹುಡುಗಿ ಹೋಗುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಕಡೆ ಇಂಥ ಕಥೆಯನ್ನು ಸುಮ್ಮನೆ ಕಥೆ ಎಂದು ಇಟ್ಟುಕೊಳ್ಳುವುದು ಸುಲಭವಲ್ಲ. ಹುಡುಗಿ ಮನೆಗೆ ಹೋಗಿ ಹೇಳಿದಳು. ಮರುದಿನ ಬಂದು, "ಟೀಚರ್, ಅಜ್ಜಿ ಕೇಳಿದ್ರು, ಹೋದವರಿಗೆ ಇಡುವ ಹಾಗೆ ಆ ಮುದುಕಿಗೆ ಎಲೆ ಬಡಿಸುವವರು ಯಾರಾದ್ರೂ ಉಂಟಾ ಅಂತ. ಇಲ್ಲದಿದ್ರೆ ಹೊಳೆಗೆ ಒಂದು ತೆಂಗಿನಕಾಯಿ ಬಿಡಬೇಕಂತೆ" ಎಂದಳು. ಇದು ಪುಸ್ತಕದ್ದು, ಯಾರೋ ಮನಸ್ಸಿನಲ್ಲೇ ಕಟ್ಟಿದ್ದು ಎಂದು ನಾನು ಹೇಳಿ ಕಳಿಸಿದೆ. ಅಜ್ಜಿಯಿಂದ ಉತ್ತರ ಬಂತು: "ಕಟ್ಟಿದ ಮೇಲೆ ಇದ್ದ ಹಾಗೇ ಅಲ್ವಾ? ಉಪವಾಸ ಹಾಕಬಾರದು." ಎಷ್ಟೋ ಪಂಡಿತರ ಮಾತಿಗಿಂತ ಇದು ನನಗೆ ಹಿತವಾಗಿ ಕೇಳಿಸಿತು.

ಹೆಡ್ಮಾಸ್ಟರಿಗೆ ಬೇರೆ ಚಿಂತೆ. ನಾವಿಬ್ಬರು ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂತು, ನಡುವೆ ಒಂದು ಖಾಲಿ ಹಣತೆ ಇಟ್ಟು, ತಾಳಮದ್ದಳೆಯ ಕ್ರಮದಲ್ಲಿ ವಾದ ಮಾಡುವುದನ್ನು ಅವರು ಬಾಗಿಲಲ್ಲಿ ನಿಂತು ನೋಡಿದರು.

"ಟೀಚರೇ, ಇದಕ್ಕೆ ಕಲಿಕಾ ಫಲ ಎಂಥ ಬರೀಲಿಕ್ಕೆ ಉಂಟು? ಮೇಲಿನವರು ಬಂದ್ರೆ ತೋರಿಸ್ಬೇಕಲ್ಲ."

"ಸ್ವಂತ ಮಾತಲ್ಲಿ ಅಭಿಪ್ರಾಯ ಹೇಳ್ತಾಳೆ ಅಂತ ಬರೀರಿ ಸರ್."

"ಇವಳಾ? ಇವಳು ಹೇಳದ ದಿನ ಯಾವುದು?" ಎಂದು ನಕ್ಕು ಹೋದರು.

ಆದರೆ ನನಗೆ ಗೊತ್ತಿತ್ತು. ಹುಡುಗಿ ಮಾತಾಡುತ್ತಿದ್ದಳು ಹೌದು, ತನ್ನ ವಿಷಯ ಬಂದಾಗ ಮಾತ್ರ ಬಾಯಿಗೆ ಬೀಗ. ಅಪ್ಪ ಸೌದಿಯ ದಮಾಮಿನಲ್ಲಿ ಡ್ರೈವರ್. ಅವನ ಫೋನು ಬಂದರೆ "ಹಾಂ, ಹೂಂ, ಅಮ್ಮನಿಗೆ ಕೊಡ್ತೇನೆ" ಇಷ್ಟೇ ಎಂದು ತಾಯಿ ಹೇಳಿದ್ದರು. ಹಣತೆಯ ಮುಂದೆ ಕೂತು ಹೊಳೆಯಡಿಯ ಹುಡುಗಿಯಾದರೆ ಅದೇ ಬಾಯಿಗೆ ತಡೆಯೇ ಇಲ್ಲ.

ತೊಂದರೆ ಬೇರೆ ಕಡೆ ಬಂತು. ನಮ್ಮ ಪ್ರಸಂಗ ಮುಗಿಯುತ್ತಲೇ ಇರಲಿಲ್ಲ. ನಾನು ಮುದುಕಿಯಾಗಿ, "ಮಗಳೇ, ದೋಣಿ ಬಂದಿದೆ, ನೀನಿನ್ನು ಹೊರಡು" ಎನ್ನುವುದು. ಅವಳು, "ನಾನು ಹೋಗುವುದಿಲ್ಲ" ಎನ್ನುವುದು.

"ಕಥೆಯಲ್ಲಿ ಹೋಗ್ತಾಳೆ ಮಾರಾಯ್ತಿ."

"ಆ ಹುಡುಗಿಗೆ ದೀಪ ಆರಿಹೋಗ್ತದೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತುಂಟು."

"ಕಥೆಯನ್ನು ಬದಲಿಸ್ಲಿಕ್ಕೆ ಆಗುವುದಿಲ್ಲ. ಅದು ಕ್ರಮ ಅಲ್ಲ."

"ಕ್ರಮ ಪುರಾಣಕ್ಕಲ್ವಾ ಟೀಚರ್? ಇದಕ್ಕೆ ಭಾಗವತರು ಎಲ್ಲಿದ್ದಾರೆ?"

ನಾನು ಅಜ್ಜನ ಮನೆಯಿಂದ ತಂದ ನಿಯಮವನ್ನು ಈ ಹೊಸ ಕಥೆಗೂ ಗಂಟು ಹಾಕಿದ್ದೆ. ಅವಳು ಹೇಳುವುದೂ ಸರಿಯೇ. ಆದರೆ ಬಿಟ್ಟುಕೊಡಲು ಮನಸ್ಸಿಲ್ಲ. ಹೀಗೆ ಬಂದ ದೋಣಿ ಎಷ್ಟು ಸಲ ಖಾಲಿ ಹಿಂದೆ ಹೋಯಿತೋ.

ಬೇಸಿಗೆ ಹತ್ತಿರ ಬಂದಾಗ ಹುಡುಗಿಯ ತಾಯಿ ಶಾಲೆಗೆ ಬಂದರು. ಕೊಡೆ ಮಡಚಿ ಜಗಲಿಯಲ್ಲಿ ಒರಗಿಸಿ, ಒಳಗೆ ಬಾರದೆ ಬಾಗಿಲಲ್ಲೇ ನಿಂತು, ಸಣ್ಣ ದನಿಯಲ್ಲಿ ಹೇಳಿದರು.

"ನೋಡಿ ಟೀಚರೇ, ಮೂಡುಬಿದಿರೆಯಲ್ಲಿ ಸೀಟು ಆಗಿದೆ, ಹಾಸ್ಟೆಲೂ ಉಂಟು. ಇವಳ ಅಪ್ಪ ಅಲ್ಲಿಂದ ದಿನಾ ಫೋನ್ ಮಾಡ್ತಾರೆ. ಇವಳದ್ದು ಒಂದೇ ಹಠ, ಹೋಗುವುದಿಲ್ಲ ಅಂತ. ಮ್ಯಾಟು ಮ್ಯಾಟು ಅಂತ ತಲೆ ತಿಂದವಳು ಇವಳೇ! ಊಟಕ್ಕೆ ಹೆದರಿಕೆಯಾ ಅಂದೆ, ಅಲ್ಲವಂತೆ. ನನ್ನನ್ನು ಬಿಟ್ಟಿರ್ಲಿಕ್ಕೆ ಆಗುವುದಿಲ್ವಾ ಅಂದೆ, 'ನಿಮಗೆ ಅಜ್ಜಿ ಉಂಟಲ್ಲ' ಅಂತಾಳೆ. ಮತ್ತೆಂಥ ಅಂದ್ರೆ ಬಾಯಿ ಬಿಡುವುದಿಲ್ಲ. ನಿಮ್ಮ ಹತ್ತಿರ ಮಾತ್ರ ಚೆಂಡೆ ಬಡಿದ ಹಾಗೆ ಮಾತಾಡ್ತಾಳಲ್ಲ. ನೀವೇ ಒಂದು ಮಾತು ಹೇಳಿ."

"ಹೇಳ್ತೇನೆ" ಎಂದೆ.

"ನಿಮ್ಮ ಕೆಲಸ ಇವಳು ಹೋದ್ರೆ..." ಎಂದು ಅವರು ಕೊಡೆ ಎತ್ತಿಕೊಳ್ಳುತ್ತ ಅರ್ಧಕ್ಕೆ ನಿಲ್ಲಿಸಿದರು.

"ಅದಕ್ಕೆ ನೀವು ತಲೆಬಿಸಿ ಮಾಡ್ಬೇಡಿ."

ಆ ದಿನ ಬಸ್ಸಿನಲ್ಲಿ ನನಗೆ ಕಿಟಕಿಯ ಬದಿ ಸಿಕ್ಕಿತ್ತು. ಪುಂಜಾಲಕಟ್ಟೆ ದಾಟುವವರೆಗೂ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು: ನಿಮಗೆ ಅಜ್ಜಿ ಉಂಟಲ್ಲ. ಅಮ್ಮನಿಗೆ ಅಜ್ಜಿ ಇದ್ದಾರೆ. ಅಪ್ಪನಿಗೆ ರೂಮಿನ ಗೆಳೆಯರಿದ್ದಾರೆ. ಈ ಲೆಕ್ಕದಲ್ಲಿ ಯಾರು ಉಳಿದರು ಎಂಬುದು ಆಗ ನನಗೆ ಹೊಳೆಯಿತು. ದೀಪ ಆರಿಹೋಗ್ತದೆ, ನನಗೆ ಗೊತ್ತುಂಟು ಎಂದು ಅವಳು ಹಣತೆಯ ಮುಂದೆ ಕೂತು ದಿನಾ ಹೇಳುತ್ತಿದ್ದದ್ದು ಇದನ್ನೇ. ಒಂದು ಪುಟ್ಟ ಜೀವ ತನ್ನ ಮ್ಯಾಟು, ತನ್ನ ತಂಡ, ಎಲ್ಲವನ್ನೂ ಬಿಟ್ಟು ನನಗಾಗಿ ಕೂತಿದೆ. ಸಂತೋಷವಾಯಿತು ಎಂದರೆ ಸುಳ್ಳಲ್ಲ. ಬಂಟ್ವಾಳದಲ್ಲಿ ಇಳಿಯುವ ಹೊತ್ತಿಗೆ ಆ ಸಂತೋಷವೇ ಕಲ್ಲಿನ ಹಾಗೆ ಎದೆಯ ಮೇಲೆ ಕೂತಿತ್ತು.

ನೇರವಾಗಿ ಹೇಳಬಹುದಿತ್ತು. "ನನ್ನ ಚಿಂತೆ ಬೇಡ, ನಾನು ಆರಾಮ ಇರ್ತೇನೆ" ಎಂದರೆ ಅವಳು ನಂಬುತ್ತಿದ್ದಳೇ? ಮುದುಕಿಯಾಗಿ ನಾನು ಇಷ್ಟು ದಿನ ಹೇಳಿದ್ದೂ ಅದನ್ನೇ ಅಲ್ಲವೇ? ಹೋಗು, ಹೋಗು. ನಾನು ಮೆತ್ತಗಾದಷ್ಟೂ ಅವಳು ಗಟ್ಟಿಯಾದಳು. ಆಗ ಅಜ್ಜನ ಮಾತು ನೆನಪಾಯಿತು. ಗಟ್ಟಿಯಾಗಿ ಅಡ್ಡ ನಿಲ್ಲಬೇಕು.

ಮರುದಿನ ಹಣತೆ ಇಟ್ಟು ಕೂತೆವು. ನಾನು ಬೆನ್ನು ನೆಟ್ಟಗೆ ಮಾಡಿ, ಅಜ್ಜ ದುಷ್ಟ ರಾಜರ ಅರ್ಥಕ್ಕೆ ತೆಗೆಯುತ್ತಿದ್ದ ದನಿ ತೆಗೆದೆ.

"ಎಲೈ ಹುಡುಗಿ, ದೋಣಿಯ ಕಡೆ ಯಾಕೆ ನೋಡುತ್ತಿದ್ದೀಯೆ? ನಿನ್ನನ್ನು ಬಿಡುವವರು ಯಾರು?"

ಅವಳು ಕಕ್ಕಾಬಿಕ್ಕಿಯಾದಳು. "ಟೀಚರ್, ನೀವು ಹೋಗು ಅಂತ ಹೇಳ್ಬೇಕು."

"ಯಾವ ಟೀಚರ್? ಇಲ್ಲಿರುವುದು ದೀಪದ ಮುದುಕಿ. ನೀನು ಇಲ್ಲೇ ಇರತಕ್ಕದ್ದು. ಕೂದಲು ನನ್ನ ಹಾಗೆ ಬೆಳ್ಳಗಾಗುವವರೆಗೆ ಇರು."

"ಅಷ್ಟು ವರ್ಷವಾ?"

"ಅಷ್ಟೂ ವರ್ಷ. ಸಂಜೆ ಬೀಗ ತೆಗೆದರೆ, ಬಂದೆಯಾ ಎಂದು ಒಳಗಿನಿಂದ ಕೇಳುವವರು ನನಗೆ ಯಾರೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈಯುವವರಿಲ್ಲ. ಜ್ವರ ಬಂದರೆ ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಬೇಕು. ಕೈಯೂ ಬಿಸಿ, ಹಣೆಯೂ ಬಿಸಿ, ಏನು ತಿಳಿಯುತ್ತದೆ? ಇಂಥ ನನ್ನನ್ನು ಬಿಟ್ಟು ನಿನಗೆ ಮೇಲಿನ ಮಕ್ಕಳ ಜೊತೆ ಆಟವೇ? ಬೇಡ. ಗೆರೆ ಎಳೆದುಕೊಂಡು ಒಬ್ಬಳೇ ಆಡು. ನಾನು ಜಗಲಿಯಲ್ಲಿ ಕೂತು ನೋಡುತ್ತೇನೆ."

ಅರ್ಥ ಹೇಳುವವರಿಗೆ ಇದೊಂದು ಅನುಕೂಲ. ಯಾರದೋ ಪಾತ್ರದ ಮರೆಯಲ್ಲಿ ಏನು ಹೇಳಿದರೂ ನಡೆಯುತ್ತದೆ. ಆ ದಿನದವರೆಗೆ ಈ ಮಾತುಗಳನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ, ನನ್ನ ಮುಂದೆ ಕೂಡ. ಅವಳನ್ನು ಕೆರಳಿಸಲೆಂದು ಶುರು ಮಾಡಿದ್ದು ಎಲ್ಲಿಗೋ ಹೋಗಿತ್ತು. ಹೆಡ್ಮಾಸ್ಟರ ತುದಿಯಿಂದ ಮಗ್ಗಿ ಹೇಳುವ ಮಕ್ಕಳ ರಾಗ ಕೇಳುತ್ತಿತ್ತು.

ಹುಡುಗಿಯ ಕಣ್ಣು ಮೊದಲು ತುಂಬಿ ಬಂತು. ಆಮೇಲೆ ಸಿಟ್ಟು ಬಂತು. ಕಬಡ್ಡಿಯಲ್ಲಿ ಗೆರೆ ದಾಟುವ ಮೊದಲು ಮಾಡುವ ಹಾಗೆ ಒಮ್ಮೆ ಉಸಿರು ಎಳೆದುಕೊಂಡಳು.

"ಅಜ್ಜೀ, ಒಂದು ಕೇಳ್ತೇನೆ. ನಾನು ದೋಣಿಯಲ್ಲಿ ಬರುವಾಗ ದೀಪ ಉರೀತಾ ಇತ್ತಲ್ಲ?"

"ಉರಿಯುತ್ತಿತ್ತು."

"ಆ ಬೆಳಕು ಕಂಡೇ ನಾನು ಇಳಿದದ್ದು. ಆಗ ನೀವು ಒಬ್ಬರೇ ಇದ್ದದ್ದಲ್ವಾ?"

"ಒಬ್ಬಳೇ."

"ಮತ್ತೆ ದೀಪ ಹೇಗೆ ಉರೀತಿತ್ತು? ಯಾರ ಹತ್ತಿರ ಮಾತಾಡ್ತಾ ಇದ್ದಿರಿ?"

ಪುಸ್ತಕವನ್ನು ನಾನು ಎಷ್ಟು ಸಲ ಓದಿದ್ದೆನೋ. ಈ ಸಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬರೆದವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ಸೋಲಬೇಕೆಂದೇ ನಾನು ಕೂತವಳು, ಎಲ್ಲಿ ಹೇಗೆ ಸೋಲುವುದು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದವಳು. ಅಲ್ಲಿಗೆ ತಲಪುವ ಮೊದಲೇ ಅವಳು ನನ್ನನ್ನು ಮುಟ್ಟಿ ಗೆರೆ ದಾಟಿಯಾಗಿತ್ತು. ತಾಳಮದ್ದಳೆಯಲ್ಲಿ ಎದುರಿನವರ ಪ್ರಶ್ನೆಗೆ ಸುಮ್ಮನೆ ಕೂತರೆ ಅದರ ಅರ್ಥ ಕೂತವರೆಲ್ಲರಿಗೂ ಗೊತ್ತು. ಅಲ್ಲಿ ಕೂತವರು ನಾವಿಬ್ಬರೇ.

"ಹಾಗಾದ್ರೆ ನಾನು ಹೋಗಬಹುದು" ಎಂದಳು ಹುಡುಗಿ. ಗೆದ್ದ ದನಿಯಲ್ಲಿ ಅಲ್ಲ. ಕೇಳಿ ತಿಳಿದುಕೊಳ್ಳುವವರ ದನಿಯಲ್ಲಿ.

"ಹೋಗಬಹುದು" ಎಂದೆ.

ಅವಳು ಎದ್ದು, ಹಣತೆಯ ಆಚೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ದೋಣಿ ಹತ್ತಿದ ಹಾಗೆ. ನಮ್ಮ ಪ್ರಸಂಗ ಆ ದಿನ ಮುಗಿಯಿತು.

ಮೂಡುಬಿದಿರೆಗೆ ಹೋಗುತ್ತೇನೆ ಎಂದು ಅವಳೇ ಮನೆಯಲ್ಲಿ ಹೇಳಿದಳಂತೆ. ಪರೀಕ್ಷೆ ಮುಗಿದು ಕೊನೆಯ ದಿನ, ಚೀಲ ಬೆನ್ನಿಗೆ ಹಾಕಿಕೊಂಡು ಹೊರಟವಳು ಗೇಟಿನಿಂದ ತಿರುಗಿ ಬಂದಳು.

"ಟೀಚರ್, ಯಾರ ಹತ್ತಿರ ಮಾತಾಡ್ತಿದ್ದದ್ದು?"

"ಯಾರು?"

"ಆ ಅಜ್ಜಿ."

"ಗೊತ್ತಿಲ್ಲ. ಪುಸ್ತಕದಲ್ಲಿ ಬರೀಲಿಲ್ಲ."

"ಪುಸ್ತಕದಲ್ಲಿ ಇಲ್ಲದಿದ್ರೂ ನಿಮಗೆ ಗೊತ್ತಿರ್ತದೆ. ಮತ್ತೆ ಸಿಕ್ಕಾಗ ಹೇಳ್ಬೇಕು ನೀವು. ಬಿಡುವುದಿಲ್ಲ ನಾನು."

ಜೂನಿನಲ್ಲಿ ನಮ್ಮ ತುದಿಯ ಕೋಣೆಗೂ ಬೀಗ ಬಿತ್ತು. ನನಗೆ ಬೆಳ್ತಂಗಡಿಯ ಕಡೆ ಬೇರೊಂದು ಶಾಲೆ ಸಿಕ್ಕಿತು. ಅಲ್ಲಿ ಮಕ್ಕಳು ಬೇಕಾದಷ್ಟು ಇದ್ದಾರೆ, ಹಾಜರಿ ಕರೆಯುವಷ್ಟರಲ್ಲಿ ಗಂಟಲು ಒಣಗುತ್ತದೆ. ಒಬ್ಬರ ಎದುರು ಒಬ್ಬರು ಕೂತು ಮಾತು ಬೆಳೆಸುವಷ್ಟು ಪುರುಸೊತ್ತು ಇಲ್ಲ.

ಸಂಜೆ ಮಾಳಿಗೆಯ ಕೋಣೆಯಲ್ಲಿ ಗಂಜಿ ಒಲೆಯ ಮೇಲಿಟ್ಟು ಆ ಪ್ರಶ್ನೆಗೆ ಉತ್ತರ ಹುಡುಕುತ್ತೇನೆ. ಮುದುಕಿ ಬಹುಶಃ ಊರು ಬಿಟ್ಟವರ ಹತ್ತಿರ ಮಾತಾಡುತ್ತಿದ್ದಳು ಎಂದು ಒಮ್ಮೆ ಹೇಳಿಕೊಂಡೆ. "ಇಲ್ಲದವರಿಗೆ ಹೇಗೆ ಕೇಳ್ತದೆ?" ಎಂದು ಹುಡುಗಿ ಕೇಳುವುದು ಕೇಳಿಸಿತು. ದೀಪದ ಹತ್ತಿರವೇ ಮಾತಾಡುತ್ತಿದ್ದಳು ಎಂದೆ. "ಅದು ಉತ್ತರ ಅಲ್ಲ ಟೀಚರ್, ತಪ್ಪಿಸಿಕೊಳ್ಳುವುದು." ಅಜ್ಜನನ್ನು ಕೇಳಿದರೆ ಅವರು ಅವಳ ಪಕ್ಷವೇ. ಕೆಳಗಿನ ಅಂಗಡಿಯವರು ಒಂದು ಸಂಜೆ ಮೆಟ್ಟಿಲ ಬುಡದಿಂದ, "ನೆಂಟರು ಬಂದಿದ್ದಾರಾ ಟೀಚರೇ? ಮಾತು ಕೇಳ್ತಾ ಉಂಟು" ಎಂದರು. "ಹಾಂ, ಬಂದಿದ್ದಾರೆ" ಎಂದೆ. ಮತ್ತೆಂಥ ಹೇಳುವುದು?

ಈಚೆಗೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ, ಮೇಷ್ಟ್ರಾಗಲು ಓದುವ ಹುಡುಗ ಹುಡುಗಿಯರಿಗೆ ಮಾತಾಡಲು ನನ್ನನ್ನು ಕರೆದಿದ್ದರು. ಮಕ್ಕಳ ಸಾಹಿತ್ಯದ ಹೊಸ ಕಲ್ಪನಾಕಥೆಗಳಿಂದ ತರಗತಿಗೆ ಏನು ಪ್ರಯೋಜನ ಎಂಬುದು ವಿಷಯ. ಮಗು ತನ್ನ ಬಾಯಲ್ಲಿ ಹೇಳಲಾಗದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳುತ್ತದೆ, ಹಳೆಯ ಕಥೆಗೆ ಇರುವ ಕಟ್ಟು ಹೊಸ ಕಥೆಗೆ ಇಲ್ಲದ್ದರಿಂದ ಅದರ ಕೊನೆಯ ಜೊತೆಗೂ ಜಗಳ ಮಾಡಬಹುದು ಎಂದೆಲ್ಲ ಹೇಳಿದೆ. ಅವರು ಬರೆದುಕೊಂಡರು. ಹಿಂದಿನ ಸಾಲಿನ ಹುಡುಗನೊಬ್ಬ, "ಮೇಡಂ, ಟೀಚರಿಗೆ ಅದರಿಂದ ಏನು ಪ್ರಯೋಜನ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕು, ಚಾ ಆರ್ತಾ ಉಂಟು ಎಂದು ಮುಗಿಸಿದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಂಟ್ವಾಳದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಆಟದ ಉಡುಪಿನಲ್ಲಿ ಹುಡುಗಿಯರ ಒಂದು ಗುಂಪು ಕಲರವ ಮಾಡುತ್ತ ಬಂತು. ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ನೀರಿನ ಬಾಟಲಿ, ಜೊತೆಗೆ ಒಬ್ಬರು ಟೀಚರು. ನಡುವೆ ಇದ್ದವಳು ಎತ್ತರವಾಗಿದ್ದಳು, ಕೂದಲು ಗಿಡ್ಡ ಮಾಡಿಕೊಂಡಿದ್ದಳು. ಮಾತಾಡುತ್ತಿದ್ದವಳು ಅವಳೇ. ಕೈಯಾಡಿಸಿ, ಬಗ್ಗಿ, ಯಾರೋ ಕಾಲು ಹಿಡಿದದ್ದನ್ನು, ತಾನು ಜಾರಿಸಿಕೊಂಡದ್ದನ್ನು ತೋರಿಸುತ್ತಿದ್ದಳು. "ಸುಳ್ಳು ಹೇಳ್ಬೇಡ, ನೀನು ಔಟ್" ಎಂದು ಇನ್ನೊಬ್ಬಳು ತಳ್ಳಿದಳು. ಎಲ್ಲರೂ ಅವಳ ಮೇಲೆ ಬಿದ್ದು ನಕ್ಕರು.

ಹೆಸರು ಹಿಡಿದು ಕರೆದರೆ ಕೇಳುವಷ್ಟು ಹತ್ತಿರ ಇದ್ದಳು. ಹಾಜರಿ ಕರೆದ ಅಭ್ಯಾಸ, ಹೆಸರು ನಾಲಗೆಯ ತುದಿಗೇ ಬಂತು. ಕರೆದರೆ ಅವಳು ಓಡಿ ಬರುತ್ತಾಳೆ, ಬಂದವಳು ಮೊದಲು ಏನು ಕೇಳುತ್ತಾಳೆ ಎಂಬುದೂ ನನಗೆ ಗೊತ್ತು. ನನ್ನ ಉತ್ತರ ಇನ್ನೂ ತಯಾರಾಗಿರಲಿಲ್ಲ.

"ಸಿದ್ದಕಟ್ಟೆ, ಬಂಟ್ವಾಳ, ಬಂಟ್ವಾಳ" ಎಂದು ಕಂಡಕ್ಟರ್ ಕೂಗಿದ. ನಾನು ಬಸ್ಸು ಹತ್ತಿ ಆಚೆ ಬದಿಯ ಕಿಟಕಿಯಲ್ಲಿ ಕೂತೆ.